ಮೂರಕ್ಕಿಂತ ಮುಂಚೆ ನಾಲ್ಕನೇ ಫಾರಂ

“ನಿಮ್ಮ ಸಂತ ಮೊದ್ಲು ಮನೆ ಬಿಟ್ಟು ಹೊರಟೇ ಹೋಗ್ತಾನೆ, ಆಮೇಲೆ ನಿಧಾನಕ್ಕೆ ದೇವ್ರು ಕರೀತಾನೆ. ಇದೆಂಥದು ಅಂಟಣ್ಣ? ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತಲ್ಲ!”

ಹೀಗಂದು ಆರೈಕೆ ಮನೆಯ ಅಡುಗೆಯಮ್ಮ ರಟ್ಟಿನ ಪೆಟ್ಟಿಗೆಯನ್ನು ಅಂಗಡಿಯ ಮೇಜಿನ ಮೇಲೆ ದೊಪ್ಪೆಂದು ಇಳಿಸಿದಳು. ಅಂಟಿನ ಡಬ್ಬಿಯೊಳಗಿನ ಕುಂಚ ಒಂದು ಸುತ್ತು ತಿರುಗಿ ನಿಂತಿತು. ಇನ್ನೊಂದು ಪೆಟ್ಟಿಗೆ ಆಗಲೇ ಹೊಸ್ತಿಲ ಮೇಲೆ ಕೂತಿತ್ತು. ಎರಡನ್ನೂ ತಾನೇ ಹೊತ್ತು ತಂದದ್ದು ಎಲ್ಲರಿಗೂ ತಿಳಿಯಲಿ ಎಂಬಂತೆ ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಆದರೆ ತಿಳಿದುಕೊಳ್ಳಲು ಅಲ್ಲಿ ಅಂಟಣ್ಣ ಒಬ್ಬನನ್ನು ಬಿಟ್ಟರೆ ಬೇರೆ ನರಪಿಳ್ಳೆ ಇರಲಿಲ್ಲ.

ಅಂಟಣ್ಣ ಎಂಬುದು ಹುಟ್ಟಿದಾಗ ಇಟ್ಟ ಹೆಸರಲ್ಲ. ಮೂವತ್ತು ವರ್ಷ ಪುಸ್ತಕ ಕಟ್ಟಿದ ಕೈ. ಉಗುರಿನ ಸಂದಿಯಲ್ಲಿ ಕೂತ ಹಿಟ್ಟಿನ ಅಂಟು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ನಿಜವಾದ ಹೆಸರು ಕೇಳಿದರೆ ಅವನೇ ಒಂದು ಕ್ಷಣ ಯೋಚಿಸುವ ಕಾಲ ಬಂದಿತ್ತು.

ಅವನು ಪೆಟ್ಟಿಗೆಯಿಂದ ಒಂದು ಪುಸ್ತಕ ತೆಗೆದ. ನೀಲಿ ಕ್ಯಾಲಿಕೋ ಬಟ್ಟೆಯ ಬೆನ್ನು, ಬೂದು ರಟ್ಟು. ತಾನೇ ಕಟ್ಟಿದ್ದು. ಕಂಬಳಿ ನೇಯುವವನೊಬ್ಬ ಸಂತನಾದ ಕತೆ. ಊರಿನವರು ವಾಸಿಯಾಗದ ರೋಗದವರನ್ನು ಒಯ್ದು ಬಿಟ್ಟುಬರುತ್ತಿದ್ದ ಬೆಟ್ಟವೊಂದಿತ್ತಂತೆ. ಆ ನೇಕಾರ ಮಗ್ಗದಿಂದ ಎದ್ದು ಆ ಬೆಟ್ಟಕ್ಕೆ ಹೋಗಿ, ಅವರಿಗೆ ನೀರು ಹೊತ್ತು, ಗಾಯ ತೊಳೆದು, ಅಲ್ಲಿಯೇ ತೀರಿಕೊಂಡ. ಆರೈಕೆ ಮನೆಯವರು ತಮ್ಮ ರೋಗಿಗಳಿಗೂ ನೆಂಟರಿಷ್ಟರಿಗೂ ಕೊಡಲೆಂದು ಅರವತ್ತು ಪ್ರತಿ ಕಟ್ಟಿಸಿಕೊಂಡಿದ್ದರು. ಆಸ್ಪತ್ರೆಗಳು ಕೈಚೆಲ್ಲಿದವರನ್ನು ಕೊನೆಯವರೆಗೆ ನೋಡಿಕೊಳ್ಳುವ ಮನೆ ಅದು. ಹದಿನಾಲ್ಕು ಹಾಸಿಗೆ, ಅಡುಗೆಯಮ್ಮ ಒಬ್ಬಳು, ಎಲ್ಲದರ ಮೇಲ್ವಿಚಾರಣೆಗೆ ದೊಡ್ಡಮ್ಮ.

ಅಂಟಣ್ಣ ಪುಟಗಳ ಮೂಲೆ ಹಿಡಿದು ಸರಸರನೆ ಹಾಯಿಸಿದ. ಮೂವತ್ತೊಂದು, ಮೂವತ್ತೆರಡು, ನಲವತ್ತೊಂಬತ್ತು. ಕೈ ನಿಂತಿತು. ಮುಂದೆ ಅರವತ್ತನಾಲ್ಕರವರೆಗೆ ಹೋಗಿ, ಆಮೇಲೆ ಮೂವತ್ತಮೂರು. ನಲವತ್ತೆಂಟು ಮುಗಿದ ಮೇಲೆ ಅರವತ್ತೈದು.

“ಫಾರಂ ಅದಲುಬದಲಾಗಿದೆ,” ಎಂದ.

ಓದುವವರಿಗೆ ಪುಸ್ತಕ ಎಂದರೆ ಪುಟ. ಕಟ್ಟುವವನಿಗೆ ಫಾರಂ. ಹದಿನಾರು ಪುಟ ಅಚ್ಚಾದ ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದರೆ ಒಂದು ಫಾರಂ. ಉದ್ದ ಮೇಜಿನ ಸುತ್ತ ಒಂದು, ಎರಡು, ಮೂರು ಎಂದು ಫಾರಂಗಳ ರಾಶಿ ಸಾಲಾಗಿ ಇಟ್ಟು, ಮೇಜಿನ ಸುತ್ತ ನಡೆಯುತ್ತ ಒಂದೊಂದು ರಾಶಿಯಿಂದ ಒಂದೊಂದನ್ನು ಎತ್ತಿಕೊಂಡು ಹೋದರೆ ಒಂದು ಸುತ್ತಿಗೆ ಒಂದು ಪುಸ್ತಕ. ರಾಶಿಯನ್ನೇ ತಪ್ಪು ಜಾಗದಲ್ಲಿ ಇಟ್ಟರೆ ಮುಗಿಯಿತು. ಅರವತ್ತು ಸುತ್ತಿಗೂ ಅದೇ ತಪ್ಪು, ಅಚ್ಚುಕಟ್ಟಾಗಿ.

“ಇದು ಯಾರಿಗೆ ಗೊತ್ತಾಯ್ತು?”

“ದೊಡ್ಡಮ್ಮಂಗೆ. ಏಳು ತಿಂಗಳು ಬೀರುವಿನಲ್ಲಿ ಸುಮ್ನೆ ಕೂತಿತ್ತಲ್ಲ ಪುಸ್ತಕ. ಊಟದ ಹೊತ್ತಲ್ಲಿ ಗಟ್ಟಿಯಾಗಿ ಓದೋಕೆ ಅಂತ ಹೋದ ವಾರ ತೆಗೆದ್ರು. ಓದ್ತಾ ಓದ್ತಾ, ‘ಅಲ್ಲ, ಬೆಟ್ಟಕ್ಕೆ ಹೋದವನು ಮತ್ತೆ ಮಗ್ಗದ ಮುಂದೆ ಹೆಂಗೆ ಬಂದ?’ ಅಂದ್ರು. ಅದಕ್ಕೆ ಟಿಕೆಟ್ ಮಾವ ಹಾಸಿಗೇಲಿ ಮಲಗಿದ್ದಲ್ಲಿಂದಲೇ, ‘ಬಂದ, ಏನೀಗ? ಅವನ ಮಗ್ಗ, ಅವನ ಕಾಲು. ಮುಂದಕ್ಕೆ ಓದಮ್ಮ’ ಅಂತ ಕೂಗಿದ್ರು.” ಅಡುಗೆಯಮ್ಮ ನಕ್ಕಳು. ಅಂಟಣ್ಣ ನಗದಿದ್ದುದು ನೋಡಿ ನಗುವನ್ನು ಅರ್ಧಕ್ಕೇ ಮಡಿಸಿಟ್ಟಳು. “ಐವತ್ತೊಂಬತ್ತಿದೆ ನೋಡಿ. ಒಂದು ಟಿಕೆಟ್ ಮಾವನ ಹತ್ರ. ಕೇಳಿದ್ರೆ ದಿಂಬಿನ ಕೆಳಗೆ ತುರುಕಿಕೊಂಡು ಗೊರಕೆ ಹೊಡೆದ ಹಾಗೆ ಆಡಿದ್ರು. ನೀವೇ ಬಂದು ಇಸ್ಕೊಳ್ಳಿ.”

“ಆಗಲಿ.”

“ಇನ್ನೊಂದು ಮಾತು.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಶನಿವಾರ ಅಂತ ನೆನಪು ಮಾಡೋಕೆ ಹೇಳಿದ್ರು ದೊಡ್ಡಮ್ಮ. ಇನ್ಯಾರೋ ಒಬ್ರು ಬರ್ತಾರಂತೆ ಕೆಲಸ ಕೇಳ್ಕೊಂಡು. ನೀವು ಬರಲ್ಲ ಅಂದ್ರೆ ಅವರಿಗೆ ಹೇಳಿಬಿಡ್ತಾರೆ. ನನ್ನ ಸೊಂಟ ಬಿದ್ದುಹೋಗಿದೆ ಅಂಟಣ್ಣ, ಮಲಗಿದವರನ್ನ ಎತ್ತಿ ಕೂರಿಸಿ ಕೂರಿಸಿ. ಯಾರಾದ್ರೂ ಬರಲಿ ಅಂತ ದೇವ್ರನ್ನ ಕೇಳ್ತಾ ಇದೀನಿ. ನೀವೇ ಬರಲಿ ಅಂತ ಕೇಳಿಲ್ಲ, ಸುಳ್ಳು ಹೇಳಲ್ಲ. ಯಾರಾದ್ರೂ ಅಂತ ಕೇಳಿದೀನಿ.”

ಅವಳು ಹೋದಳು. ಅಂಟಣ್ಣ ಪುಸ್ತಕದ ಬೆನ್ನಿಗೆ ಚಾಕು ಹಾಕಿದ.

ಆ ತಪ್ಪು ಯಾವ ದಿನ ಆಯಿತೆಂಬುದು ಅವನಿಗೆ ಗೊತ್ತಿತ್ತು. ಹೆಂಡತಿಯನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ. ಮನೆಯಲ್ಲಿ ಕೂರಲಾರದೆ ಅಂಗಡಿಗೆ ಬಂದು ಮೇಜಿನ ಸುತ್ತ ನಡೆದಿದ್ದ. ಫಾರಂನ ಮೊದಲ ಪುಟದ ಅಡಿಯಲ್ಲಿ ಸಣ್ಣದಾಗಿ ಒಂದು ಅಂಕಿ ಇರುತ್ತದೆ. ರಾಶಿ ಇಡುವಾಗ ಅದರ ಮೇಲೆ ಬೆರಳಾಡಿಸಿ ನೋಡುವುದು ಅವನ ಮೂವತ್ತು ವರ್ಷದ ಅಭ್ಯಾಸ. ಅಂದೂ ಬೆರಳಾಡಿಸಿರಬೇಕು. ಬೆರಳು ನೋಡಿತ್ತು, ಅವನು ನೋಡಿರಲಿಲ್ಲ.

ಹೊಲಿಯುವಾಗಲಾದರೂ ಗೊತ್ತಾಗಬೇಕಿತ್ತು. ಆದರೆ ಈ ಅದಲುಬದಲು ಎಂಥ ಕಿತಾಪತಿ ಮಾಡಿತ್ತೆಂದರೆ, ಪುಟ ತಿರುಗಿಸಿದರೆ ವಾಕ್ಯ ಎಲ್ಲೂ ತುಂಡಾಗುತ್ತಿರಲಿಲ್ಲ. ಮೂವತ್ತೆರಡನೆಯ ಪುಟದ ಕೊನೆಯಲ್ಲಿ ‘ನೂಲು ಹರಿಯಿತು. ನೇಕಾರ ಎದ್ದು’ ಎಂದಿತ್ತು. ಸರಿಯಾದ ಕ್ರಮದಲ್ಲಾದರೆ ಮುಂದಿನ ಸಾಲು ‘ನೂಲಿಗೆ ಗಂಟು ಹಾಕಿ ಮತ್ತೆ ಮಗ್ಗದ ಮುಂದೆ ಕೂತ.’ ಆ ಮೇಲೆ ಹದಿನಾರು ಪುಟ ಕರೆಯ ಕತೆ: ಮೂರು ಸಲ ನೂಲು ಹರಿಯುತ್ತದೆ, ಮೂರನೆಯ ಸಲ ಹೆಸರು ಹಿಡಿದು ಕರೆದ ಧ್ವನಿ ಕೇಳುತ್ತದೆ, ಅವನು ‘ಬಂದೆ’ ಎನ್ನುತ್ತಾನೆ. ಅಂಟಣ್ಣ ಕಟ್ಟಿದ ಪುಸ್ತಕದಲ್ಲಿ ಮಾತ್ರ ‘ನೇಕಾರ ಎದ್ದು’ ಆದಮೇಲೆ ‘ಬಾಗಿಲು ತೆರೆದು ಬೆಟ್ಟದ ದಾರಿ ಹಿಡಿದ.’ ಯಾರೂ ಕರೆದಿಲ್ಲ, ಏನೂ ಕೇಳಿಸಿಲ್ಲ. ನೂಲು ಹರಿಯಿತು, ಎದ್ದ, ಹೋದ.

ಅವನು ನಾಲ್ಕನೆಯ ಫಾರಂ ಓದಿರಲಿಲ್ಲ. ಪುಸ್ತಕ ಕಟ್ಟುವವನು ಓದುತ್ತಾ ಕೂತರೆ ಹೊಟ್ಟೆಗೇನು ಮಾಡುವುದು? ಮೊದಲಿನ ಮೂರನ್ನು ಕೇಳಿದ್ದ ಅಷ್ಟೆ. ಕೇಳಿಸಿದವಳು ಹೆಂಡತಿ. ಹನ್ನೊಂದು ವರ್ಷ ಆರೈಕೆ ಮನೆಯಲ್ಲಿ ರೋಗಿಗಳ ಮೈ ಒರೆಸಿ, ತಲೆ ಬಾಚಿ, ಕೊನೆಗೆ ತಾನೇ ಅಲ್ಲಿನ ಒಂದು ಹಾಸಿಗೆ ಹಿಡಿದು ಮಲಗಿದಳು. ಮೂರು ತಿಂಗಳು. ಅಂಗಡಿಗೆ ಬೀಗ ಹಾಕಿ ಅಂಟಣ್ಣ ಪಕ್ಕದಲ್ಲಿ ಕೂತ. ಅಚ್ಚಾಗಿ ಬಂದ ಬಿಡಿ ಹಾಳೆಗಳನ್ನು ಅವನು ಅಲ್ಲೇ ಮಡಿಸುತ್ತಿದ್ದರೆ ಅವಳು ಒಂದನ್ನು ಎತ್ತಿಕೊಂಡು ದಿನಕ್ಕೆರಡು ಪುಟ ಓದಿ ಹೇಳುತ್ತಿದ್ದಳು. ನಲವತ್ತೆಂಟನೆಯ ಪುಟದ ‘ಬಂದೆ’ ಎನ್ನುವಲ್ಲಿಗೆ ನಿಂತಿತು.

ಎದುರು ಕೋಣೆಯ ಗಂಡಸರಿಗೂ ಅವನು ಆ ಮೂರು ತಿಂಗಳು ನೀರು ಕುಡಿಸಿದ್ದ, ಮಗ್ಗುಲು ಬದಲಿಸಿದ್ದ. ಪುಸ್ತಕ ತಿರುಗಿಸುವಷ್ಟೇ ಹಗುರಾಗಿ ಮನುಷ್ಯರನ್ನೂ ತಿರುಗಿಸುತ್ತಾನೆಂದು ದೊಡ್ಡಮ್ಮ ನೋಡಿಟ್ಟುಕೊಂಡಿದ್ದರು. ಮೂರು ವಾರದ ಕೆಳಗೆ ಕರೆದು ಕೇಳಿದರು: ಇಲ್ಲೇ ಬಂದುಬಿಡಿ, ಹಿಂದಿನ ಕೋಣೆ ಖಾಲಿ ಇದೆ, ಇದು ನಿಮ್ಮ ಕೆಲಸ ಅಂತ ನನಗನ್ನಿಸುತ್ತೆ. ಅವನು ಹೇಳಿದ್ದ: “ನಿಮಗನ್ನಿಸಿದರೆ ಸಾಲದಮ್ಮ. ಇದು ದೇವರ ಕೆಲಸ. ಕರೆ ನನಗೆ ಕೇಳಿಸಬೇಕು. ಕೇಳಿಸಿದರೆ ಬರ್ತೀನಿ.”

ಅದು ನುಣುಚಿಕೊಳ್ಳುವ ಮಾತಾಗಿರಲಿಲ್ಲ. ಆ ದಿನದಿಂದ ಅವನು ನಿಜವಾಗಿಯೂ ಕಿವಿಕೊಟ್ಟು ಕಾಯುತ್ತಿದ್ದ. ಬೆಳಿಗ್ಗೆ ಅಂಗಡಿ ತೆರೆದು, ಕೈ ಮುಗಿದು, ದಾರದ ಉಂಡೆ ಮುಂದಿಟ್ಟುಕೊಂಡು ಅರ್ಧ ಗಂಟೆ ಕೂರುತ್ತಿದ್ದ. ಒಮ್ಮೆ ದಾರ ಹರಿದದ್ದೂ ಉಂಟು. ಎದೆ ಹೊಡೆದುಕೊಳ್ಳಬೇಕಿತ್ತು, ಹೊಡೆದುಕೊಳ್ಳಲಿಲ್ಲ. ದಾರ ಹಳೆಯದಾಗಿತ್ತು. ಫ್ಯಾನು ಕಿರ್ರೆನ್ನುತ್ತಿತ್ತು. ಅಷ್ಟೆ.

ಕರೆ ಹಾಗಿರಲಿ, ಏಳು ತಿಂಗಳಿಂದ ಅವನಿಗೆ ಅಳುವೂ ಬಂದಿರಲಿಲ್ಲ. ಕುದಿಯುವ ಅಂಟು ಕೈಗೆ ತಾಗಿದ್ದು ಬೊಬ್ಬೆ ಎದ್ದ ಮೇಲೆ ಗೊತ್ತಾಗಿತ್ತು. ಹಗಲು ಬಿಸಿಲಿತ್ತೋ, ಮೋಡವಿತ್ತೋ ಎಂದು ಸಂಜೆ ಯಾರಾದರೂ ಕೇಳಿದರೆ ಹೇಳಲಾರ. ಮೈಯನ್ನು ಯಾರೋ ರಟ್ಟು ಹಾಕಿ ಬಿಗಿದು, ಭಾರ ಹೇರಿ ಒಣಗಲು ಇಟ್ಟ ಹಾಗಿತ್ತು.

ಸಂಜೆಯ ಹೊತ್ತಿಗೆ ಇಪ್ಪತ್ತು ಪುಸ್ತಕ ಬಿಚ್ಚಿ, ಫಾರಂ ಸರಿಪಡಿಸಿ, ಮತ್ತೆ ಹೊಲಿದಿಟ್ಟು ಅತ್ತಿಗೆಯ ಮನೆಗೆ ಊಟಕ್ಕೆ ಹೋದ. ಅಣ್ಣ ತೀರಿಕೊಂಡು ಬಹಳ ವರ್ಷವಾಗಿತ್ತು. ಎರಡು ಬೀದಿಯಾಚೆ ಇದ್ದ ಅತ್ತಿಗೆ ಈಗ ಮೈದುನನಿಗೂ ಸೇರಿಸಿ ಬೇಯಿಸುತ್ತಿದ್ದಳು, ಬೈಗುಳವನ್ನೂ ಸೇರಿಸಿ ಬಡಿಸುತ್ತಿದ್ದಳು.

“ಹೆಂಗಿದೆ ಸಾರು?” ಅತ್ತಿಗೆ ಎದುರಿಗೆ ಕೂತು ಕೇಳಿದಳು.

“ಚೆನ್ನಾಗಿದೆ ಅತ್ತಿಗೆ.”

“ಉಪ್ಪು?”

“ಸರಿಯಾಗಿದೆ.”

“ಹಾಕೇ ಇಲ್ಲ.” ಅತ್ತಿಗೆ ಉಪ್ಪಿನ ಡಬ್ಬಿಯನ್ನು ಅವನ ತಟ್ಟೆಯ ಪಕ್ಕ ಕುಟ್ಟಿದಳು. “ಮೂರು ದಿನದಿಂದ ಹಾಕಿಲ್ಲ. ನೋಡೋಣ ಅಂತ ಬಿಟ್ಟಿದ್ದೆ. ಮೊದ್ಲು ಒಂದು ಕಲ್ಲು ಉಪ್ಪು ಹೆಚ್ಚಾದ್ರೆ ಮುಖ ಗಂಟು ಹಾಕ್ಕೊಂಡು ಏಳ್ತಿದ್ದವನು ನೀನು! ನನಗೆ ನಾಲಿಗೆ ಸಪ್ಪೆಯಾಗಿ ಸಾಯೋ ಹಾಗಾಗಿದೆ, ನೀನು ಚೆನ್ನಾಗಿದೆ ಅಂತೀಯ.”

“ನಿಮಗೆ ಬೇರೆ ಹಾಕ್ಕೋಬಹುದಿತ್ತು.”

“ಹಾಕ್ಕೊಂಡ್ರೆ ಪರೀಕ್ಷೆ ಆಗುತ್ತಾ?” ಅತ್ತಿಗೆ ಅವನ ಸಾರಿಗೆ ತಾನೇ ಉಪ್ಪು ಹಾಕಿ ಕಲಸಿದಳು. ಆಮೇಲೆ ದನಿ ಇಳಿಸಿದಳು. “ಆ ಮನೆಗೆ ಹೋಗ್ತೀಯಂತೆ? ಪೇಟೆಯಲ್ಲಿ ಅಡುಗೆಯಮ್ಮ ಸಿಕ್ಕಿದ್ಲು.”

“ಇನ್ನೂ ಏನೂ ಹೇಳಿಲ್ಲ.”

“ಹೇಳಬೇಡ. ನಾನು ಕೆಟ್ಟವಳಾದ್ರೂ ಪರವಾಗಿಲ್ಲ, ಹೇಳಿಬಿಡ್ತೀನಿ. ಮೊದಲೇ ಅರ್ಧ ಕಲ್ಲಾಗಿದ್ದೀಯ. ದಿನಾ ಹೋಗೋ ಜೀವಗಳ ಮಧ್ಯ ಕೂತ್ರೆ ಪೂರ್ತಿ ಕಲ್ಲಾಗ್ತೀಯ. ಅಂಥ ಕೆಲಸಕ್ಕೆ ಮನಸು ಬೇಕಪ್ಪ. ಅವಳಿಗೆ ಇತ್ತು. ನಗ್ತಾ ಹೋಗ್ತಿದ್ಲು, ನಗ್ತಾ ಬರ್ತಿದ್ಲು. ನಿನಗೆ ಹೋಗಬೇಕು ಅಂತ ಒಳಗಿಂದ ಅನಿಸ್ತಾ ಇದೆಯಾ? ನಿಜ ಹೇಳು.”

ಅವನು ಒಳಗೆ ನೋಡಿಕೊಂಡ. ಖಾಲಿ ಬೀರುವಿನ ಬಾಗಿಲು ತೆರೆದು ಮುಚ್ಚಿದ ಹಾಗಾಯಿತು.

“ಇಲ್ಲ.”

“ಬೇಡ ಅಂತ?”

“ಅದೂ ಇಲ್ಲ.”

“ಹಾಗಾದ್ರೆ ಮುಗೀತು. ಉಣ್ಣು,” ಅಂದಳು ಅತ್ತಿಗೆ. ಅವಳ ಕಣ್ಣು ಮಾತ್ರ ತುಂಬಿ ಬಂತು. ಅವನು ಅದನ್ನು ಕಂಡ. ಕಂಡು, ಸಾರಿಗೆ ಉಪ್ಪು ಬಿದ್ದದ್ದು ಈಗಲೂ ಗೊತ್ತಾಗುತ್ತಿಲ್ಲವಲ್ಲ ಎಂದು ಯೋಚಿಸಿದ.

ಮಾರನೆಯ ದಿನ ಶುಕ್ರವಾರ. ಮಧ್ಯಾಹ್ನ ಅಂಗಡಿ ಮುಚ್ಚಿ, ಅರವತ್ತನೆಯ ಪ್ರತಿಯನ್ನು ಇಸಿದುಕೊಳ್ಳಲು ಆರೈಕೆ ಮನೆಗೆ ನಡೆದ. ಜೊತೆಗೆ ಸರಿಪಡಿಸಿದ ಒಂದು ಪುಸ್ತಕ. ಒಂದು ಕೊಟ್ಟು ಒಂದು ತೆಗೆದುಕೊಂಡರೆ ಮಾತು ಮುಗಿಯುತ್ತದೆಂದು ಅವನ ಎಣಿಕೆ. ಅಂಗಿಯ ಜೇಬಿನಲ್ಲಿ ಎಂದಿನಂತೆ ದಬ್ಬಣ, ಮೇಣ ತಿಕ್ಕಿದ ದಾರ.

ಮನೆಯೊಳಗೆ ಉದ್ದನೆಯ ಓಣಿ. ಎಡಕ್ಕೆ ಗಂಡಸರ ಕೋಣೆ, ಬಲಕ್ಕೆ ಹೆಂಗಸರದು. ಬಾಗಿಲಿಗೆ ಬಾಗಿಲು ಎದುರು. ಅವನು ಬಲಕ್ಕೆ ನೋಡದೆ ಎಡಕ್ಕೆ ತಿರುಗಿದ. ಏಳು ತಿಂಗಳಲ್ಲಿ ಐದಾರು ಸಲ ಈ ಮನೆಗೆ ಬಂದಿದ್ದ. ಬಲಗಡೆಯ ಬಾಗಿಲೊಳಗೆ ಕಾಲಿಟ್ಟಿರಲಿಲ್ಲ.

ಟಿಕೆಟ್ ಮಾವ ಬಾಗಿಲ ಪಕ್ಕದ ಹಾಸಿಗೆಯಲ್ಲಿ ದಿಂಬಿಗೊರಗಿ ಕೂತಿದ್ದ. ಮೂವತ್ತೆರಡು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಮನುಷ್ಯ. ಕಾಲೆರಡೂ ಬಿದ್ದುಹೋಗಿದ್ದವು, ಗಂಟಲಿಗೆ ಏನೂ ಆಗಿರಲಿಲ್ಲ.

“ಬಾರಯ್ಯ ಅಂಟು! ಮುಂದೆ ಬಾ, ಮುಂದೆ ಜಾಗ ಇದೆ.”

“ಪುಸ್ತಕ ಕೊಡಿ ಮಾವ.”

“ಬಂದವನು ನೀರು ಕೇಳೋ ಹಾಗೆ ಪುಸ್ತಕ ಕೇಳ್ತೀಯಲ್ಲ. ಕೂತ್ಕೋ.” ಮಾವ ದಿಂಬಿನ ಕೆಳಗೆ ಕೈ ಹಾಕಿ ಪುಸ್ತಕ ತೆಗೆದ. ಕೊಡಲಿಲ್ಲ, ಎದೆಗಿಟ್ಟುಕೊಂಡ. “ಬೀರುವಿಗೆ ಹಾಕೋಕೆ ಮುಂಚೆ ಪೆಟ್ಟಿಗೆಯಿಂದ ನಾನೇ ಒಂದು ಎತ್ಕೊಂಡಿದ್ದು. ಒಂಬತ್ತು ಸಲ ಓದಿದೀನಿ. ಇದರಲ್ಲೇನು ತಪ್ಪಿದೆ ಹೇಳು.”

“ಮೂರನೇ ಫಾರಂ ಆದಮೇಲೆ ನಾಲ್ಕು ಬರಬೇಕು ಮಾವ. ನಾನು ನಾಲ್ಕನ್ನ ಮೊದಲು ಇಟ್ಟುಬಿಟ್ಟಿದ್ದೀನಿ. ಮೊದಲು ಕರೆ, ಆಮೇಲೆ ಬೆಟ್ಟ. ಇಗೋ, ಇದು ಸರಿಯಾದ್ದು.”

ಮಾವ ಹೊಸ ಪ್ರತಿಯನ್ನು ತೆಗೆದುಕೊಂಡು ಪುಟ ತಿರುಗಿಸಿ ನೋಡಿದ. ತುಟಿ ಆಡಿಸುತ್ತ ಓದಿದ. ಹಾಳೆ ಮುಂದೆ ಹಾಕಿ ಇನ್ನಷ್ಟು ಓದಿದ. ಬಹಳ ಹೊತ್ತಾಯಿತು. ಅಂಟಣ್ಣ ಸ್ಟೂಲಿನ ಮೇಲೆ ಕೂತು ಅವನ ಪಾದದ ಮೇಲಿನ ಹೊದಿಕೆಯ ಮಡಿಕೆ ಸರಿಮಾಡಿದ.

“ಸರಿ,” ಎಂದು ಮಾವ ಎರಡೂ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡ. “ಇದರಲ್ಲಿ ಮೊದಲೇ ಕರೀತಾನೆ. ಒಪ್ಪಿದೆ. ಆದ್ರೆ ನನಗೊಂದು ಹೇಳು. ಬೆಟ್ಟದ ಪುಟಗಳನ್ನ ನೀನು ಓದಿದ್ದೀಯ?”

“ಇಲ್ಲ.”

“ನೀನೇ ಎರಡೆರಡು ಸಲ ಹೊಲಿದಿದ್ದೀಯಲ್ಲೋ!”

“ಹೊಲಿಯೋದು ಬೆನ್ನು ಮಾವ. ಹೊಟ್ಟೆ ಯಾರು ನೋಡ್ತಾರೆ?”

ಮಾವ ಖುಷಿಯಾಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ ಹಳೆಯ ಪುಸ್ತಕ ಬಿಡಿಸಿ, ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರು ಕೂಗುವ ದನಿಯಲ್ಲೇ ಓದಿದ: “‘ಬೆಟ್ಟದ ಮೇಲೆ ನಾಲ್ಕು ವರ್ಷ ಅವನಿಗೆ ಯಾವ ಧ್ವನಿಯೂ ಕೇಳಿಸಲಿಲ್ಲ. ಪ್ರಾರ್ಥನೆಗೆ ಕೂತರೆ ಬಾಯಿ ಒಣಗುತ್ತಿತ್ತು. ರೋಗಿಗಳು ಸತ್ತರೆ ಅವನಿಗೆ ಅಳು ಬರುತ್ತಿರಲಿಲ್ಲ, ಗುಂಡಿ ತೋಡುತ್ತಿದ್ದ. ಬೆಳಿಗ್ಗೆ ಕೊಡ ಎತ್ತಿಕೊಂಡು ಇಳಿಯುತ್ತಿದ್ದ, ತುಂಬಿಕೊಂಡು ಹತ್ತುತ್ತಿದ್ದ. ತಾನು ಇಲ್ಲಿಗೆ ಯಾಕೆ ಬಂದೆ ಎಂದು ಯಾರಾದರೂ ಕೇಳಿದ್ದರೆ, ನೀರು ಮುಗಿದಿದೆ ಎಂದಷ್ಟೇ ಹೇಳುತ್ತಿದ್ದನೇನೋ.’”

ಓಣಿಯಲ್ಲಿ ಅಡುಗೆಯಮ್ಮನ ಬಕೆಟ್ಟಿನ ಸದ್ದು ಹಾದುಹೋಯಿತು.

“ಇನ್ನೊಂದ್ಸಲ ಓದಿ,” ಎಂದ ಅಂಟಣ್ಣ.

ಮಾವ ಇನ್ನೊಮ್ಮೆ ಓದಿದ. ಈ ಸಲ ಕೂಗದೆ.

“ಇದು ನೀನು ತಪ್ಪು ಹೊಲಿದದ್ದರಲ್ಲೂ ಇದೆ, ಸರಿಯಾಗಿ ಹೊಲಿದದ್ದರಲ್ಲೂ ಇದೆ. ಒಂದಕ್ಷರ ಬದಲಾಗಿಲ್ಲ. ಮೊದಲು ಕರೆಸಿಕೊಂಡೇ ಹೋಗಿರಲಿ, ಕರೆ ಇಲ್ಲದೇ ಹೋಗಿರಲಿ, ಕೊಡ ಹೊರೋವಾಗ ಅವನಿಗೇನೂ ಕೇಳಿಸ್ತಿರಲಿಲ್ಲ. ಕೊಡದ ಭಾರ ಅಷ್ಟೇ ಇತ್ತು.”

“ಆದ್ರೆ ಕರೆ ಬಂದಿತ್ತಲ್ಲ ಮಾವ. ಅದನ್ನ ನೆನೆಸಿಕೊಂಡು ಹೊತ್ತ. ನನ್ನ ಹತ್ರ ನೆನೆಸಿಕೊಳ್ಳೋಕೂ ಏನಿಲ್ಲ.” ಏಳು ತಿಂಗಳಲ್ಲಿ ಅವನು ಆಡಿದ ಉದ್ದನೆಯ ಮಾತು ಇದೇ ಇರಬೇಕು. “ಮೂರು ವಾರದಿಂದ ಕಾಯ್ತಾ ಇದ್ದೀನಿ. ಕಿವಿ ಕೊಟ್ಟು ಕೂರ್ತೀನಿ. ಏನೂ ಇಲ್ಲ. ಬೇಕು ಅಂತಲೂ ಅನಿಸಲ್ಲ, ಬೇಡ ಅಂತಲೂ ಅನಿಸಲ್ಲ. ಇಂಥ ಮನುಷ್ಯ ಬಂದು ನಿಮ್ಮ ಪಕ್ಕ ಕೂತರೆ ಅದು ದೇವರ ಕೆಲಸ ಹೇಗಾಗುತ್ತೆ? ಮೋಸ ಆಗಲ್ವಾ?”

ಟಿಕೆಟ್ ಮಾವ ಅವನನ್ನು ನೋಡಿದ. ಜನ ತುಂಬಿದ ಬಸ್ಸಿನಲ್ಲಿ ಯಾರು ಹೊಸದಾಗಿ ಹತ್ತಿದವರೆಂದು ಮುಖ ನೋಡಿಯೇ ಹಿಡಿಯುತ್ತಿದ್ದ ಕಣ್ಣು.

“ನೀನು ಬಸ್ ಹತ್ತುವಾಗ ಟಿಕೆಟ್ ಎಲ್ಲಿ ತಗೋತೀಯ?”

“ಬಸ್ಸಲ್ಲಿ.”

“ಹತ್ತೋಕೆ ಮುಂಚೆಯೋ, ಹತ್ತಿದ ಮೇಲೋ?”

“ಹತ್ತಿದ ಮೇಲೆ.”

“ಮೂವತ್ತೆರಡು ವರ್ಷ ನೋಡಿದೀನಿ. ಟಿಕೆಟ್ ಕೊಟ್ಟರೆ ಮಾತ್ರ ಹತ್ತುತ್ತೀನಿ ಅಂತ ನಿಲ್ದಾಣದಲ್ಲಿ ನಿಂತವನು ಒಬ್ಬನೂ ಇಲ್ಲ. ಹತ್ತು, ಕಂಬಿ ಹಿಡ್ಕೋ, ನಿಂತ್ಕೋ. ಕಂಡಕ್ಟರು ಎಲ್ಲೋ ಹಿಂದಿನ ಬಾಗಿಲಲ್ಲಿರ್ತಾನೆ. ರಶ್ ಇದ್ರೆ ಬರೋದು ತಡ ಆಗುತ್ತೆ. ಕೆಲವರಿಗೆ ಇಳಿಯೋ ಜಾಗ ಹತ್ರ ಬಂದಿರುತ್ತೆ, ಆಗ ಬಂದು ಹರಿದು ಕೊಡ್ತಿದ್ದೆ. ಅಲ್ಲಿವರೆಗೂ ಅವನು ಬಸ್ಸಲ್ಲಿ ಇರಲಿಲ್ಲ ಅಂತೀಯಾ?”

“ದೇವರು ಕಂಡಕ್ಟರಾ ಮಾವ?”

“ನನಗಿಂತ ಒಳ್ಳೆ ಕಂಡಕ್ಟರು ಅಂತ ನಂಬಿದೀನಪ್ಪ. ಇಲ್ದಿದ್ರೆ ಈ ಹಾಸಿಗೇಲಿ ಹೆಂಗೆ ಮಲಗಿರಲಿ?” ಮಾವನ ದನಿ ಬದಲಾಯಿತು. “ನೋಡು. ನಿನ್ನ ಹೆಂಡತಿ ಎದುರು ಕೋಣೇಲಿದ್ದಾಗ ಮೂರು ತಿಂಗಳು ನನ್ನ ಬಾಯಿ ಒರೆಸಿದೆಯಲ್ಲ. ಮಗ್ಗುಲು ತಿರುಗಿಸಿದೆಯಲ್ಲ. ಆಗ ಯಾರು ಕರೆದಿದ್ರು ನಿನ್ನ?”

“ಯಾರೂ ಇಲ್ಲ. ನೀವು ಕೂಗಿದ್ರಿ. ನೀರು ಅಂತ.”

“ಹ್ಞೂಂ. ನಾನು ಕೂಗಿದ್ದೆ.”

ಮಾವ ಅಷ್ಟಕ್ಕೇ ಬಿಟ್ಟ. ಅಂಟಣ್ಣನ ಒಳಗೆ ಏನಾದರೂ ಕದಲಿತೇ ಎಂದರೆ, ಇಲ್ಲ. ಬೆಳಕು ಬೀಳಲಿಲ್ಲ, ಎದೆ ಹಗುರಾಗಲಿಲ್ಲ. ಅವನು ಎರಡು ಪುಸ್ತಕದ ಕಡೆ ನೋಡಿದ. ಒಂದರಲ್ಲಿ ನೇಕಾರ ಕರೆಸಿಕೊಂಡು ಹೋಗುತ್ತಿದ್ದ. ಇನ್ನೊಂದರಲ್ಲಿ ನೂಲು ಹರಿದದ್ದಕ್ಕೆ ಹೋಗುತ್ತಿದ್ದ. ಎರಡರಲ್ಲೂ ಹೋಗುತ್ತಿದ್ದ. ತಾನು ಮಾತ್ರ ನಲವತ್ತೆಂಟನೆಯ ಪುಟದಲ್ಲಿ, ‘ಬಂದೆ’ ಎಂಬಲ್ಲಿ, ಏಳು ತಿಂಗಳಿಂದ ಬೆರಳಿಟ್ಟುಕೊಂಡು ಕೂತಿದ್ದೆ ಎಂದು ಅವನಿಗೆ ಗೊತ್ತಾಯಿತು. ಹಾಳೆ ಎಣಿಸುವಾಗ ಒಂದು ಕಡಿಮೆ ಇದೆ ಎಂದು ಬೆರಳಿಗೆ ತಿಳಿಯುವಂತೆ ತಿಳಿಯಿತು.

“ಆ ಹಳೇದು ಕೊಡಿ ಮಾವ.”

“ಬಿಚ್ಚಿಹಾಕ್ತೀಯಾ?”

“ಇಲ್ಲ. ಬೆನ್ನು ಸಡಿಲ ಆಗಿದೆ. ನೀವು ಒಂದೇ ಕಡೆ ತೆರೆದು ತೆರೆದು ಹೊಲಿಗೆ ಬಿಟ್ಟಿದೆ.”

ನಿಜ. ಮೂವತ್ತೆರಡು ಮತ್ತು ನಲವತ್ತೊಂಬತ್ತರ ನಡುವೆ ದಾರ ಸವೆದು, ನಾಲ್ಕನೆಯ ಫಾರಂ ಬೀಳುವ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಇನ್ನೊಂದು ತಿಂಗಳು ಓದಿದರೆ ತಾನಾಗಿ ಕಳಚಿಬೀಳುತ್ತಿತ್ತು. ಅಂಟಣ್ಣ ಜೇಬಿನಿಂದ ದಬ್ಬಣ ತೆಗೆದು ದಾರ ಪೋಣಿಸಿದ. ಪುಸ್ತಕ ಕಟ್ಟುವವನು ತಿಳಿದೂ ತಿಳಿದೂ ಮಾಡಬಾರದ ಕೆಲಸ: ಮೂರಕ್ಕಿಂತ ಮುಂಚೆ ನಾಲ್ಕನ್ನು ಇಟ್ಟು ಮಡಿಕೆಗೆ ಚುಚ್ಚಿದ.

ಆ ಹೊತ್ತಿಗೆ ದೊಡ್ಡಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಒಗೆದ ಹೊದಿಕೆಗಳ ರಾಶಿ. ಗದ್ದದಿಂದ ಒತ್ತಿ ಹಿಡಿದಿದ್ದರು.

“ಪುಸ್ತಕ ಸಿಕ್ತಾ?”

“ಇದೊಂದು ಹೀಗೇ ಇರಲಿ ಅಮ್ಮ. ಉಳಿದದ್ದನ್ನೆಲ್ಲ ಸರಿ ಮಾಡ್ತೀನಿ.”

ದೊಡ್ಡಮ್ಮ ಮಾವನ ಕಡೆ ನೋಡಿದರು. ಮಾವ ಛಾವಣಿ ನೋಡಿದ.

“ಇರಲಿ,” ಎಂದರು. ರಾಶಿಯನ್ನು ಇನ್ನಷ್ಟು ಒತ್ತಿ ಹಿಡಿದು, “ನಾಳೆ ಶನಿವಾರ. ಆ ಇನ್ನೊಬ್ಬರು ಬೆಳಿಗ್ಗೆ ಬರ್ತಾರೆ. ನಿಮಗೇನಾದ್ರೂ ಕೇಳಿಸ್ತಾ?”

“ಇಲ್ಲ.”

“ಸರಿ.” ಅವರ ಮುಖ ಸ್ವಲ್ಪ ಇಳಿಯಿತು. “ಒತ್ತಾಯ ಮಾಡೋ ಕೆಲಸ ಅಲ್ಲ ಇದು.”

“ಕೇಳಿಸಿಲ್ಲ. ಬರ್ತೀನಿ.”

ದೊಡ್ಡಮ್ಮನ ಗದ್ದದ ಕೆಳಗಿನ ಹೊದಿಕೆ ಜಾರಿತು. “ಕೇಳಿಸದೆ ಬರಲ್ಲ ಅಂದಿದ್ರಿ.”

“ಅಂದಿದ್ದೆ. ನಾನು ‘ಬಂದೆ’ ಅನ್ನೋವರೆಗೆ ಮಾತ್ರ ಕೇಳಿದ್ದೆ, ಪುಸ್ತಕಾನ. ಮುಂದಿನದನ್ನ ಈಗ ಮಾವ ಓದಿದ್ರು.” ಅವನು ದಾರ ಎಳೆದು ಬಿಗಿ ಮಾಡಿದ. “ಇನ್ನೂ ಮೂವತ್ತೊಂಬತ್ತು ಪುಸ್ತಕ ಹೊಲಿಯೋದಿದೆ. ಅದನ್ನ ಮುಗಿಸಿ, ಅತ್ತಿಗೆಗೆ ಹೇಳಿ, ಬುಧವಾರ ಬರ್ತೀನಿ. ಅತ್ತಿಗೆ ಬೈತಾರೆ. ಒಂದು ದಿನ ಹೆಚ್ಚು ಹಿಡೀಬಹುದು.”

“ಹೇಗನಿಸ್ತಿದೆ ನಿಮಗೆ?”

ಅವನು ಸುಳ್ಳು ಹುಡುಕಲಿಲ್ಲ. “ಏನೂ ಅನಿಸ್ತಿಲ್ಲ ಅಮ್ಮ. ಹೀಗೇ ಇದ್ದರೆ ಆಗುತ್ತಾ?”

“ಮಲಗಿದವರಿಗೆ ಬಾಯಾರಿಕೆ ಅನಿಸುತ್ತಲ್ಲ,” ಎಂದರು ದೊಡ್ಡಮ್ಮ. “ಸದ್ಯಕ್ಕೆ ಅಷ್ಟು ಸಾಕು.”

“ಮುಂದೆ ಹೋಗಿ, ಮುಂದೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ,” ಎಂದು ಟಿಕೆಟ್ ಮಾವ ಛಾವಣಿಗೆ ಹೇಳಿದ.

ದೊಡ್ಡಮ್ಮ ಹೊದಿಕೆಗಳನ್ನು ಮತ್ತೆ ಗದ್ದಕ್ಕೆ ಒತ್ತಿಕೊಂಡು ಓಣಿಯಲ್ಲಿ ಮುಂದೆ ಹೋದರು. ಅಂಟಣ್ಣ ಹೊಲಿಗೆಗೆ ತಲೆ ಬಗ್ಗಿಸಿದ. ಇನ್ನೆರಡು ಹೊಲಿಗೆ, ಒಂದು ಗಂಟು. ಅಷ್ಟರಲ್ಲಿ ಎದುರು ಕೋಣೆಯಲ್ಲಿ ಏನೋ ಲೋಹದ್ದು ನೆಲಕ್ಕೆ ಬಿತ್ತು. ಉರುಳಿತು, ಗೋಡೆಗೆ ತಾಗಿತು, ನಿಂತಿತು. ಲೋಟವಿರಬೇಕು. ಯಾರೂ ಕೂಗಲಿಲ್ಲ. ಕೂಗಲು ಶಕ್ತಿಯಿಲ್ಲದವರಿರಬೇಕು. ಅಡುಗೆಯಮ್ಮ ಹಿತ್ತಲಲ್ಲಿದ್ದಳು, ದೊಡ್ಡಮ್ಮನ ಹೆಜ್ಜೆ ದೂರವಾಗಿತ್ತು.

ಅವನು ದಬ್ಬಣವನ್ನು ಮಡಿಕೆಯಲ್ಲೇ ಚುಚ್ಚಿಟ್ಟು, ಪುಸ್ತಕವನ್ನು ಸ್ಟೂಲಿನ ಮೇಲಿಟ್ಟು ಎದ್ದ. ಮಾವನ ತಲೆದೆಸೆಯ ಹೂಜಿಯಲ್ಲಿ ನೀರಿತ್ತು. ಅದನ್ನು ಎತ್ತಿಕೊಂಡು ಓಣಿ ದಾಟಿ ಬಲಗಡೆಯ ಬಾಗಿಲೊಳಗೆ ಹೋದ.